ಮೈ, ಮೈನ್, ದಿಸ್, ದಿ: ಇಂಗ್ಲಿಷ್ ನಾಮಪದಕ್ಕೆ ಮೊದಲು ಏನು ಬರಬೇಕು?

ಇಂಗ್ಲಿಷ್ ಬರೆಯಲು ಕಲಿಯುತ್ತಿರುವ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ‘ಮೈ’ ಎಲ್ಲಿ, ‘ಮೈನ್’ ಎಲ್ಲಿ? ‘ಇಟ್ಸ್’ ಬರೆಯುವಾಗ ಮೇಲೆ ಆ ಚಿಕ್ಕ ಗೆರೆ ಹಾಕಬೇಕೇ, ಬೇಡವೇ? ‘ದಿಸ್ ಮೈ ಬುಕ್’ ಎಂದರೆ ಏನು ತಪ್ಪು? ಇವು ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಎಲ್ಲವೂ ನಾಮಪದಕ್ಕೆ ಸ್ವಲ್ಪ ಮೊದಲು ಇರುವ ಒಂದು ಸ್ಥಾನಕ್ಕೆ ಸಂಬಂಧಿಸಿದವು. ಆ ಸ್ಥಾನದ ನಿಯಮವನ್ನು ತಿಳಿದುಕೊಂಡರೆ ಮುಕ್ಕಾಲು ಪಾಲು ಗೊಂದಲ ತಾನಾಗಿ ಕಳೆಯುತ್ತದೆ.

ಮೊದಲು ಎರಡು ಪಾರಿಭಾಷಿಕ ಪದಗಳ ಪರಿಚಯ. ‘ಡಿಟರ್ಮಿನರ್’ ಎಂದರೆ ನಾಮಪದಕ್ಕೆ ಮೊದಲು ನಿಂತು, ಯಾವುದು, ಯಾರದು, ಎಷ್ಟು ಎಂಬುದನ್ನು ಗೊತ್ತುಪಡಿಸುವ ಪದ. ‘ಎ’, ‘ದಿ’, ‘ದಿಸ್’, ‘ಮೈ’, ‘ಸಮ್’, ‘ಎವ್ರಿ’ ಎಲ್ಲವೂ ಈ ಗುಂಪಿನವು. ‘ಪೊಸೆಸಿವ್’ ಎಂದರೆ ಒಡೆತನವನ್ನೋ ಸಂಬಂಧವನ್ನೋ ಸೂಚಿಸುವ ರೂಪ. ನಮ್ಮ ಷಷ್ಠೀ ವಿಭಕ್ತಿ ಮಾಡುವ ಕೆಲಸವನ್ನೇ ಬಹುಮಟ್ಟಿಗೆ ಇದೂ ಮಾಡುತ್ತದೆ. ನಾಮಪದ, ಏಕವಚನ, ಬಹುವಚನ ಇವುಗಳ ಪರಿಚಯ ನಿಮಗಿದ್ದರೆ ಸಾಕು. ಒಂದು ನೋಟ್‌ಬುಕ್ ಹತ್ತಿರವಿಟ್ಟುಕೊಳ್ಳಿ. ಇಲ್ಲಿ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿರುವುದರಿಂದ ಪ್ರತಿಯೊಂದನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಾ ಓದಿದರೆ ಕಾಗುಣಿತವೂ ಕೈಗೆ ಹತ್ತುತ್ತದೆ.

1. ನಾಮಪದ ಬರಿದಾಗಿ ನಿಂತಿದೆಯೇ ನೋಡಿ

‘ಪುಸ್ತಕ ಕೊಂಡೆ’ ಎಂಬುದು ಕನ್ನಡದಲ್ಲಿ ಪೂರ್ಣ ವಾಕ್ಯ. ಇದನ್ನೇ ‘ಐ ಬಾಟ್ ಬುಕ್’ ಎಂದು ಬರೆದರೆ ಇಂಗ್ಲಿಷಿನಲ್ಲಿ ತಪ್ಪಾಗುತ್ತದೆ. ಎಣಿಸಬಹುದಾದ ವಸ್ತುವಿನ ಹೆಸರು ಏಕವಚನದಲ್ಲಿದ್ದಾಗ ಅದಕ್ಕೆ ಮೊದಲು ಡಿಟರ್ಮಿನರ್ ಇರಲೇಬೇಕು: ‘ಎ ಬುಕ್’, ‘ದಿ ಬುಕ್’, ‘ಮೈ ಬುಕ್’, ‘ದಟ್ ಬುಕ್’, ಯಾವುದಾದರೂ ಒಂದು.

ಈ ನಿಯಮವನ್ನು ಮುರಿಯುವ ಒಂದು ವಾಕ್ಯ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ‘ನನಗೆ ಸ್ವಂತ ಮನೆ ಇದೆ’ ಎಂಬುದನ್ನು ‘ಐ ಹ್ಯಾವ್ ಓನ್ ಹೌಸ್’ ಎನ್ನುತ್ತೇವೆ. ‘ಸ್ವಂತ’ ಎಂಬ ಪದ ಒಂಟಿಯಾಗಿ ನಿಲ್ಲಬಲ್ಲದು, ‘ಓನ್’ ಹಾಗೆ ನಿಲ್ಲಲಾರದು. ಅದಕ್ಕೆ ಮೊದಲು ಪೊಸೆಸಿವ್ ಪದ ಬೇಕೇ ಬೇಕು. ‘ಐ ಹ್ಯಾವ್ ಮೈ ಓನ್ ಹೌಸ್’ ಎನ್ನಿ, ಇಲ್ಲವೇ ‘ಐ ಹ್ಯಾವ್ ಎ ಹೌಸ್ ಆಫ್ ಮೈ ಓನ್’ ಎನ್ನಿ. ‘ಆ್ಯನ್ ಓನ್ ಹೌಸ್’ ಎಂದು ತಿದ್ದಿದರೂ ಸರಿಹೋಗುವುದಿಲ್ಲ.

ಬರಿದಾಗಿ ನಿಲ್ಲಬಲ್ಲ ನಾಮಪದಗಳೂ ಇವೆ. ವ್ಯಕ್ತಿಗಳ ಮತ್ತು ಊರುಗಳ ಹೆಸರು, ಸಾಮಾನ್ಯವಾಗಿ ಒಂದು ವರ್ಗವನ್ನೇ ಹೇಳುವ ಬಹುವಚನ (‘ಡಾಗ್ಸ್ ಬಾರ್ಕ್’), ಎಣಿಸಲಾಗದ ವಸ್ತು (‘ವಾಟರ್’, ‘ರೈಸ್’, ‘ಇನ್ಫರ್ಮೇಶನ್’), ಜೊತೆಗೆ ‘ಬೈ ಬಸ್’, ‘ಅಟ್ ಹೋಮ್’, ‘ಗೋ ಟು ಸ್ಕೂಲ್’ ಎಂಬಂಥ ರೂಢಿಯ ನುಡಿಗಟ್ಟುಗಳು.

ಎಚ್ಚರಿಕೆ: ‘ಅಡ್ವೈಸ್’, ‘ಇನ್ಫರ್ಮೇಶನ್’, ‘ಫರ್ನಿಚರ್’, ‘ಲಗೇಜ್’ ಇವು ನಮ್ಮ ಕಿವಿಗೆ ಎಣಿಸಬಹುದಾದ ವಸ್ತುಗಳಂತೆ ಕೇಳಿದರೂ ಇಂಗ್ಲಿಷಿನಲ್ಲಿ ಎಣಿಕೆಗೆ ಸಿಗುವುದಿಲ್ಲ. ‘ಆ್ಯನ್ ಅಡ್ವೈಸ್’, ‘ದೀಸ್ ಫರ್ನಿಚರ್ಸ್’ ಎರಡೂ ತಪ್ಪು. ‘ಸಮ್ ಅಡ್ವೈಸ್’, ‘ದಿಸ್ ಫರ್ನಿಚರ್’ ಸರಿ.

2. ಒಂದು ಸ್ಥಾನ, ಒಂದೇ ಪದ

‘ನನ್ನ ಈ ಪುಸ್ತಕ’, ‘ಆ ನನ್ನ ಗೆಳೆಯ’, ‘ನನ್ನ ಒಬ್ಬ ಗೆಳೆಯ’. ಕನ್ನಡದಲ್ಲಿ ಎಷ್ಟು ಸಲೀಸಾಗಿ ಹೇಳುತ್ತೇವೆ! ಇಂಗ್ಲಿಷ್ ಇದಕ್ಕೆ ಒಪ್ಪುವುದಿಲ್ಲ. ‘ಎ’ ಮತ್ತು ‘ದಿ’ ಎಂಬ ಆರ್ಟಿಕಲ್‌ಗಳು, ‘ದಿಸ್’ ಮತ್ತು ‘ದಟ್’ ಎಂಬ ನಿರ್ದೇಶಕ ಪದಗಳು, ‘ಮೈ’ ಮತ್ತು ‘ಹಿಸ್’ ಮೊದಲಾದ ಪೊಸೆಸಿವ್‌ಗಳು, ಈ ಮೂರೂ ಗುಂಪುಗಳಿಗೆ ಸೇರಿ ಇರುವುದು ಒಂದೇ ಸ್ಥಾನ. ಒಂದು ಬಂದರೆ ಇನ್ನೊಂದಕ್ಕೆ ಅಲ್ಲಿ ಎಡೆಯಿಲ್ಲ. ಆದ್ದರಿಂದ ‘ದಿಸ್ ಮೈ ಬುಕ್’, ‘ದಿ ಮೈ ಬುಕ್’, ‘ಮೈ ಎ ಫ್ರೆಂಡ್’ ಎಂಬ ರೂಪಗಳು ಮೂರೂ ತಪ್ಪು.

ಹಾಗಾದರೆ ಎರಡು ಅರ್ಥವೂ ಬೇಕಾದಾಗ ಏನು ಮಾಡಬೇಕು? ಪೊಸೆಸಿವನ್ನು ನಾಮಪದದ ನಂತರಕ್ಕೆ ತೆಗೆದುಕೊಂಡು ಹೋಗಿ, ನಡುವೆ ‘ಆಫ್’ ಸೇರಿಸಿ. ‘ನನ್ನ ಒಬ್ಬ ಗೆಳೆಯ’ ಎಂಬುದು ‘ಎ ಫ್ರೆಂಡ್ ಆಫ್ ಮೈನ್’ ಆಗುತ್ತದೆ. ‘ನನ್ನ ಈ ಪುಸ್ತಕ’ ಎಂಬುದು ‘ದಿಸ್ ಬುಕ್ ಆಫ್ ಮೈನ್’ ಆಗುತ್ತದೆ. ಇಲ್ಲಿ ‘ಆಫ್ ಮೈನ್’ ಎಂದೇ ಆಗಬೇಕು. ‘ಆಫ್ ಮೀ’ ಎಂದಾಗಲೀ ‘ಆಫ್ ಮೈ’ ಎಂದಾಗಲೀ ಬರೆಯಬಾರದು. ಈ ರಚನೆ ಒಂದು ಸೂಕ್ಷ್ಮ ವ್ಯತ್ಯಾಸವನ್ನೂ ತೋರಿಸಬಲ್ಲದು: ‘ಎ ಫೋಟೋ ಆಫ್ ಗೀತಾ’ ಎಂದರೆ ಚಿತ್ರದಲ್ಲಿರುವವಳು ಗೀತಾ, ‘ಎ ಫೋಟೋ ಆಫ್ ಗೀತಾ'ಸ್’ ಎಂದರೆ ಫೋಟೋ ಗೀತಾಳದು, ಅದರಲ್ಲಿರುವುದು ಯಾರಾದರೂ ಆಗಬಹುದು.

ಈ ಸ್ಥಾನಕ್ಕೆ ಮೊದಲು ನಿಲ್ಲಬಲ್ಲ ಪದಗಳು ಕೆಲವು ಇವೆ, ಮುಖ್ಯವಾಗಿ ‘ಆಲ್’, ‘ಬೋತ್’, ‘ಹಾಫ್’. ಕನ್ನಡದ ಕ್ರಮ ಇದಕ್ಕೆ ಸರಿಯಾಗಿ ತಿರುಗುಮುರುಗು ಆಗಿರುವುದರಿಂದ ಇಲ್ಲಿ ಎಡವುವವರು ಬಹಳ. ‘ನನ್ನ ಎಲ್ಲ ಗೆಳೆಯರು’ ಎಂಬುದನ್ನು ‘ಮೈ ಆಲ್ ಫ್ರೆಂಡ್ಸ್’ ಎನ್ನಬೇಡಿ, ‘ಆಲ್ ಮೈ ಫ್ರೆಂಡ್ಸ್’ ಎನ್ನಿ. ‘ನನ್ನ ಎರಡೂ ಕೈಗಳು’ ಎಂಬುದು ‘ಬೋತ್ ಮೈ ಹ್ಯಾಂಡ್ಸ್’. ಆದರೆ ಬರೀ ಸಂಖ್ಯೆ ಬಂದಾಗ ಕ್ರಮ ಕನ್ನಡದಂತೆಯೇ ಇರುತ್ತದೆ: ‘ನನ್ನ ಇಬ್ಬರು ತಮ್ಮಂದಿರು’ ಎಂಬುದಕ್ಕೆ ‘ಮೈ ಟೂ ಬ್ರದರ್ಸ್’.

3. ‘ಮೈ’ ಮತ್ತು ‘ಮೈನ್’: ಇಲ್ಲಿ ಕನ್ನಡವನ್ನೇ ನಂಬಿ

ಇದು ಎಲ್ಲಕ್ಕಿಂತ ಸುಲಭವಾದ ಹಂತ. ಕನ್ನಡದಲ್ಲಿ ‘ನನ್ನ’ ಎಂದು ಬರುವೆಡೆ ‘ಮೈ’, ‘ನನ್ನದು’ ಎಂದು ಬರುವೆಡೆ ‘ಮೈನ್’. ಇದೇ ಪ್ರಕಾರ ‘ನಿಮ್ಮ’ ಮತ್ತು ‘ನಿಮ್ಮದು’ ಎಂಬುವಕ್ಕೆ ‘ಯುವರ್’ ಮತ್ತು ‘ಯುವರ್ಸ್’, ‘ಅವಳ’ ಮತ್ತು ‘ಅವಳದು’ ಎಂಬುವಕ್ಕೆ ‘ಹರ್’ ಮತ್ತು ‘ಹರ್ಸ್’, ‘ನಮ್ಮ’ ಮತ್ತು ‘ನಮ್ಮದು’ ಎಂಬುವಕ್ಕೆ ‘ಅವರ್’ ಮತ್ತು ‘ಅವರ್ಸ್’, ‘ಅವರ’ ಮತ್ತು ‘ಅವರದು’ ಎಂಬುವಕ್ಕೆ ‘ದೇರ್’ ಮತ್ತು ‘ದೇರ್ಸ್’. ‘ಹಿಸ್’ ಮಾತ್ರ ಎರಡು ಕಡೆಯೂ ಒಂದೇ ರೂಪದಲ್ಲಿರುತ್ತದೆ. ‘ಇಟ್ಸ್’ ಎಂಬುದನ್ನು ‘ಅದರದು’ ಎಂಬ ಅರ್ಥದಲ್ಲಿ ಒಂಟಿಯಾಗಿ ಬಳಸುವುದು ಬಹಳ ಅಪರೂಪವಾದ್ದರಿಂದ ಅದರ ಗೊಡವೆ ಬೇಡ.

ಮೊದಲ ಗುಂಪಿನ ನಂತರ ನಾಮಪದ ಬರಲೇಬೇಕು, ಎರಡನೆಯ ಗುಂಪಿನ ನಂತರ ಬರಬಾರದು. ‘ದಿಸ್ ಈಸ್ ಮೈ ಪೆನ್’, ‘ದಿಸ್ ಪೆನ್ ಈಸ್ ಮೈನ್’.

4. ಒಡೆಯರು ಯಾರು ಎಂಬುದನ್ನು ಇಂಗ್ಲಿಷಿನ ಲೆಕ್ಕದಲ್ಲಿ ನಿರ್ಧರಿಸಿ

ಕನ್ನಡಿಗರ ಇಂಗ್ಲಿಷಿನಲ್ಲಿ ಅರ್ಥವೇ ಕೆಡುವುದು ಇಲ್ಲಿ. ಆದ್ದರಿಂದ ಈ ಹಂತದಲ್ಲಿ ಸ್ವಲ್ಪ ನಿಧಾನಿಸೋಣ.

ಮೊದಲನೆಯದು ನಮ್ಮ ‘ನಮ್ಮ’. ಕನ್ನಡದಲ್ಲಿ ಒಬ್ಬರೇ ಮಾತನಾಡುವಾಗಲೂ ‘ನಮ್ಮ ತಂದೆ’, ‘ನಮ್ಮ ತಾಯಿ’ ಎನ್ನುವುದು ಸೌಜನ್ಯ. ಇಂಗ್ಲಿಷಿನ ‘ಅವರ್’ ಎಂಬ ಪದಕ್ಕೆ ಆ ಸೌಜನ್ಯದ ಅರ್ಥವಿಲ್ಲ. ಅದು ಒಬ್ಬರಿಗಿಂತ ಹೆಚ್ಚು ಜನರ ಪಾಲನ್ನು ಸೂಚಿಸುತ್ತದೆ. ‘ಅವರ್ ಫಾದರ್’ ಎಂದರೆ ಕೇಳುಗರು ನಿಮ್ಮ ಜೊತೆ ನಿಮ್ಮ ಅಣ್ಣನೋ ತಂಗಿಯೋ ಸೇರಿದ್ದಾರೆ ಎಂದು ಭಾವಿಸುತ್ತಾರೆ. ‘ನಮ್ಮ ಯಜಮಾನರು’ ಎಂಬುದನ್ನು ‘ಅವರ್ ಹಸ್ಬೆಂಡ್’ ಎಂದು ಬರೆದರೆ ಆಗುವ ಅನರ್ಥವನ್ನು ವಿವರಿಸಬೇಕಾಗಿಲ್ಲ. ಒಬ್ಬರೇ ಮಾತನಾಡುತ್ತಿದ್ದರೆ ‘ಮೈ ಫಾದರ್’, ‘ಮೈ ಹಸ್ಬೆಂಡ್’. ‘ಅವರ್ ಸ್ಕೂಲ್’, ‘ಅವರ್ ವಿಲೇಜ್’, ‘ಅವರ್ ಕಂಟ್ರಿ’ ಇವು ನಿಜಕ್ಕೂ ಹಲವರಿಗೆ ಸೇರಿದವಾದ್ದರಿಂದ ಹಾಗೆಯೇ ಇರಲಿ. ಬೆಂಗಳೂರಿನ ‘ನಮ್ಮ ಮೆಟ್ರೊ’ ಎಂಬುದು ಅಂಕಿತನಾಮ. ಅದನ್ನು ಇಂಗ್ಲಿಷ್ ವಾಕ್ಯದಲ್ಲೂ ‘ನಮ್ಮ ಮೆಟ್ರೊ’ ಎಂದೇ ಬರೆಯಬೇಕು.

ಎರಡನೆಯದು ಗೌರವದ ‘ಅವರ’. ‘ಪ್ರಿನ್ಸಿಪಾಲರು ತಮ್ಮ ಕೊಠಡಿಯಲ್ಲಿದ್ದಾರೆ’ ಎಂಬ ವಾಕ್ಯದಲ್ಲಿ ಗೌರವಕ್ಕಾಗಿ ಬಹುವಚನ ಬಂದಿದೆ. ಇದನ್ನು ‘ದಿ ಪ್ರಿನ್ಸಿಪಾಲ್ ಈಸ್ ಇನ್ ದೇರ್ ರೂಮ್’ ಎಂದು ಬರೆದರೆ, ಓದುವವರು ಬೇರೆ ಯಾರದೋ ಕೊಠಡಿಯಲ್ಲಿದ್ದಾರೆ ಎಂದೋ, ಪ್ರಿನ್ಸಿಪಾಲರು ಗಂಡೋ ಹೆಣ್ಣೋ ಬರೆದವರಿಗೆ ಗೊತ್ತಿಲ್ಲ ಎಂದೋ ತಿಳಿಯುವ ಸಾಧ್ಯತೆಯಿದೆ. ಪುರುಷರಾದರೆ ‘ಹಿಸ್’, ಮಹಿಳೆಯಾದರೆ ‘ಹರ್’ ಎಂದು ಬರೆಯಿರಿ. ಹಿರಿಯರಿಗೆ ‘ಹಿಸ್’ ಎಂದರೆ ‘ಅವನ’ ಎಂದು ಏಕವಚನದಲ್ಲಿ ಕರೆದಂತಾಯಿತಲ್ಲ ಎಂಬ ಅಳುಕು ಬೇಡ, ಏಕೆಂದರೆ ಅಗೌರವದ ಆ ಛಾಯೆ ಇಂಗ್ಲಿಷ್ ಪದಕ್ಕಿಲ್ಲ. ಯಾರೆಂದು ತಿಳಿಯದಿದ್ದಾಗ ಮಾತ್ರ ಒಬ್ಬರಿಗೂ ‘ದೇರ್’ ಬಳಸಬಹುದು: ‘ಸಮ್‌ಒನ್ ಹ್ಯಾಸ್ ಲೆಫ್ಟ್ ದೇರ್ ಅಂಬ್ರೆಲಾ’.

‘ಹಿಸ್’ ಮತ್ತು ‘ಹರ್’ ನಡುವೆ ಆರಿಸುವಾಗ ಒಡೆಯರ ಲಿಂಗವನ್ನಷ್ಟೇ ನೋಡಬೇಕು, ಒಡೆತನದ ವಸ್ತುವಿನದನ್ನಲ್ಲ. ಕನ್ನಡದಲ್ಲೂ ‘ಅವನ ತಾಯಿ’, ‘ಅವಳ ತಂದೆ’ ಎಂದೇ ಹೇಳುವುದರಿಂದ ನಮಗೆ ಇದು ಸಹಜ. ಹಿಂದಿ ಅಥವಾ ಉರ್ದುವಿನಲ್ಲಿ ಓದಿ ಬೆಳೆದವರು ಮಾತ್ರ ಜಾಗರೂಕರಾಗಿರಬೇಕು, ಏಕೆಂದರೆ ಅಲ್ಲಿ ‘ಉಸ್‌ಕಾ’, ‘ಉಸ್‌ಕೀ’ ರೂಪಗಳು ಮುಂದಿನ ನಾಮಪದದ ಲಿಂಗಕ್ಕೆ ತಕ್ಕಂತೆ ಬದಲಾಗುತ್ತವೆ. ಮಗುವಿನ ವಿಷಯದಲ್ಲಿ ನಾವು ‘ಅದರ ತಾಯಿ’ ಎನ್ನುವಂತೆ ಇಂಗ್ಲಿಷಿನಲ್ಲೂ ‘ಇಟ್ಸ್ ಮದರ್’ ಎನ್ನಬಹುದಾದರೂ, ಗಂಡೋ ಹೆಣ್ಣೋ ತಿಳಿದಿದ್ದಾಗ ‘ಹಿಸ್’ ಅಥವಾ ‘ಹರ್’ ಬಳಸುವುದೇ ಲೇಸು. ಮಗುವಿನ ಹೆತ್ತವರ ಎದುರಿಗಂತೂ ‘ಇಟ್ಸ್’ ಬೇಡವೇ ಬೇಡ.

ಮೂರನೆಯದು ‘ತನ್ನ’. ‘ರವಿ ಸುರೇಶನಿಗೆ ತನ್ನ ಬೈಕಿನ ಕೀ ಕೊಟ್ಟ’ ಎಂದರೆ ಬೈಕ್ ರವಿಯದು ಎಂಬುದು ಸ್ಪಷ್ಟ. ‘ಅವನ ಬೈಕಿನ ಕೀ’ ಎಂದಿದ್ದರೆ ಸುರೇಶನದೋ ಇನ್ನೊಬ್ಬನದೋ ಆಗುತ್ತಿತ್ತು. ಇಂಗ್ಲಿಷಿಗೆ ಈ ಭೇದವಿಲ್ಲ, ಎರಡಕ್ಕೂ ‘ಹಿಸ್’ ಒಂದೇ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ತಮ್ಮ ವಾಕ್ಯ ಸ್ಪಷ್ಟವಾಗಿಯೇ ಕಾಣುತ್ತದೆ, ಗೊಂದಲ ಓದುವವರ ಪಾಲಿಗೆ ಬೀಳುತ್ತದೆ. ದೂರು, ಕರಾರುಪತ್ರ, ವರದಿ ಮೊದಲಾದ ಬರಹಗಳಲ್ಲಿ ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಒಂದೇ ವಾಕ್ಯದಲ್ಲಿ ಬಂದರೆ ಸರ್ವನಾಮವನ್ನು ಬಿಟ್ಟು ‘ಸುರೇಶ್'ಸ್ ಬೈಕ್’ ಎಂದು ಹೆಸರನ್ನೇ ಬರೆಯಿರಿ, ಅಥವಾ ‘ಹಿಸ್ ಓನ್ ಬೈಕ್’ ಎಂದು ‘ಓನ್’ ಸೇರಿಸಿ.

ಕೊನೆಯದಾಗಿ, ಕನ್ನಡದಲ್ಲಿ ಒಡೆತನದ ಪದವೇ ಇಲ್ಲದೆಡೆ ಇಂಗ್ಲಿಷ್ ಅದನ್ನು ಬೇಡುತ್ತದೆ. ‘ಕೈ ತೊಳೆದುಕೊಂಡೆ’ ಎನ್ನುವಾಗ ಯಾರ ಕೈ ಎಂದು ನಾವು ಹೇಳುವುದಿಲ್ಲ. ‘ಕೊಂಡೆ’ ಎಂಬುದರಲ್ಲೇ ಅದು ಅಡಗಿದೆ. ಇಂಗ್ಲಿಷಿನಲ್ಲಿ ‘ಐ ವಾಶ್ಡ್ ಮೈ ಹ್ಯಾಂಡ್ಸ್’ ಎಂದೇ ಆಗಬೇಕು. ‘ಕಾಲು ಮುರಿದುಕೊಂಡಳು’ ಎಂಬುದು ‘ಷಿ ಬ್ರೋಕ್ ಹರ್ ಲೆಗ್’. ಆದರೆ ಪೆಟ್ಟು ತಿಂದವರನ್ನು ಮೊದಲೇ ಹೆಸರಿಸಿದ್ದರೆ ಅಂಗಕ್ಕೆ ‘ದಿ’ ಸಾಕು: ‘ದಿ ಬಾಲ್ ಹಿಟ್ ಹಿಮ್ ಆನ್ ದಿ ಹೆಡ್’.

5. ಅಪಾಸ್ಟ್ರಫಿಯನ್ನು ಹಾಕುವುದು, ಹಾಕದಿರುವುದು

ಅಕ್ಷರದ ಮೇಲೆ ಬರುವ ಆ ಚಿಕ್ಕ ಗೆರೆಗೆ ‘ಅಪಾಸ್ಟ್ರಫಿ’ ಎಂದು ಹೆಸರು. ಇದಕ್ಕೆ ಎರಡು ಕೆಲಸ: ನಾಮಪದದ ಒಡೆತನವನ್ನು ತೋರಿಸುವುದು, ಬಿಟ್ಟುಹೋದ ಅಕ್ಷರದ ಜಾಗವನ್ನು ತೋರಿಸುವುದು. ಗೊಂದಲ ಹುಟ್ಟುವುದು ಈ ಎರಡು ಕೆಲಸಗಳು ಎದುರಾಗುವಲ್ಲಿ.

ಏಕವಚನಕ್ಕೆ ಅಪಾಸ್ಟ್ರಫಿ ಹಾಕಿ ‘ಎಸ್’ ಸೇರಿಸಬೇಕು: ‘ದಿ ಬಾಯ್'ಸ್ ಬ್ಯಾಗ್’, ಒಬ್ಬ ಹುಡುಗನ ಚೀಲ. ‘ಎಸ್’ ಅಕ್ಷರದಿಂದ ಮುಗಿಯುವ ಬಹುವಚನಕ್ಕೆ ಅಪಾಸ್ಟ್ರಫಿ ಮಾತ್ರ, ಅದೂ ‘ಎಸ್’ ನಂತರ: ‘ದಿ ಬಾಯ್ಸ್' ಹಾಸ್ಟೆಲ್’, ಹುಡುಗರ ಹಾಸ್ಟೆಲ್. ‘ಎಸ್’ ಇಲ್ಲದೆಯೇ ಬಹುವಚನವಾಗುವ ಪದಗಳಿಗೆ ಏಕವಚನದ ನಿಯಮವೇ: ‘ಚಿಲ್ಡ್ರನ್'ಸ್’, ‘ವಿಮೆನ್'ಸ್’. ಕಿವಿಗೆ ಮೊದಲೆರಡು ಒಂದೇ ರೀತಿ ಕೇಳುವುದರಿಂದ ಇಲ್ಲಿ ಉಚ್ಚಾರ ನೆರವಿಗೆ ಬರುವುದಿಲ್ಲ. ಒಬ್ಬರೋ ಹಲವರೋ ಎಂದು ಮೊದಲು ನಿರ್ಧರಿಸಿ, ಆ ಪದವನ್ನು ಪೂರ್ತಿ ಬರೆದು, ಆಮೇಲೆ ಗೆರೆ ಹಾಕಿ.

ಶ್ರೀನಿವಾಸ್, ವಿಶ್ವಾಸ್ ಎಂಬಂಥ ‘ಎಸ್’ ಅಂತ್ಯದ ಹೆಸರುಗಳಿಗೆ ‘ಶ್ರೀನಿವಾಸ್'ಸ್’ ಎಂದೂ ಬರೆಯಬಹುದು, ಬರೀ ಅಪಾಸ್ಟ್ರಫಿಯಿಂದಲೂ ಮುಗಿಸಬಹುದು. ಎರಡೂ ಒಪ್ಪಿತವಾದವು. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ. ಇಬ್ಬರಿಗೆ ಸೇರಿ ಒಂದು ಮನೆಯಿದ್ದರೆ ‘ರವಿ ಆ್ಯಂಡ್ ಗೀತಾ'ಸ್ ಹೌಸ್’. ಇಬ್ಬರಿಗೂ ಬೇರೆ ಬೇರೆ ಕಾರುಗಳಿದ್ದರೆ ‘ರವಿ'ಸ್ ಆ್ಯಂಡ್ ಗೀತಾ'ಸ್ ಕಾರ್ಸ್’. ರಜೆಯ ಅರ್ಜಿ ಬರೆಯುವವರು ಗಮನಿಸಿ: ಒಂದು ದಿನದ ರಜೆ ‘ಒನ್ ಡೇ'ಸ್ ಲೀವ್’, ಎರಡು ದಿನದ ರಜೆ ‘ಟೂ ಡೇಸ್' ಲೀವ್’.

ನಿರ್ಜೀವ ವಸ್ತುಗಳಿಗೆ ಸಾಮಾನ್ಯವಾಗಿ ‘ಆಫ್’ ಹಿತ: ‘ಮೇಜಿನ ಕಾಲು’ ಎಂಬುದು ‘ದಿ ಲೆಗ್ ಆಫ್ ದಿ ಟೇಬಲ್’. ಊರು, ದೇಶ, ಕಾಲ, ಸಂಸ್ಥೆಗಳ ಹೆಸರಿಗೆ ಅಪಾಸ್ಟ್ರಫಿ ಒಗ್ಗುತ್ತದೆ: ‘ಕರ್ನಾಟಕ'ಸ್ ರಿವರ್ಸ್’, ‘ಟುಡೇ'ಸ್ ಪೇಪರ್’.

ಇನ್ನು ಎಲ್ಲರನ್ನೂ ಕಾಡುವ ‘ಇಟ್ಸ್’. ‘ಅದರ’ ಎಂಬ ಅರ್ಥವಿದ್ದರೆ ಅಪಾಸ್ಟ್ರಫಿ ಇಲ್ಲ: ‘ದಿ ಕೌ ಶುಕ್ ಇಟ್ಸ್ ಹೆಡ್’. ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂಬುದರ ಸಂಕ್ಷಿಪ್ತ ರೂಪವಾಗಿದ್ದರೆ ಅಪಾಸ್ಟ್ರಫಿ ಬೇಕು: ‘ಇಟ್'ಸ್ ರೇನಿಂಗ್’. ನಾಮಪದಗಳಿಗೆ ಒಡೆತನ ತೋರಿಸಲು ಗೆರೆ ಬೇಕು, ಇಲ್ಲಿ ಬೇಡ ಎಂಬುದು ಅನ್ಯಾಯವೆನಿಸಿದರೆ ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. 17 ಮತ್ತು 18ನೆಯ ಶತಮಾನಗಳಲ್ಲಿ ಇಂಗ್ಲಿಷರೇ ‘ಅದರ’ ಎಂಬ ಅರ್ಥಕ್ಕೂ ಗೆರೆ ಹಾಕಿ ಬರೆಯುತ್ತಿದ್ದರು. ಇಂದಿನ ನಿಯಮ ನೆನಪಿಡಲು ಒಂದು ದಾರಿಯಿದೆ: ‘ಹಿಸ್’ ಬರೆಯುವಾಗ ಯಾರೂ ಗೆರೆ ಹಾಕುವುದಿಲ್ಲ, ಅದೇ ಸಾಲಿನಲ್ಲಿ ನಿಲ್ಲುವ ‘ಇಟ್ಸ್’, ‘ಹರ್ಸ್’, ‘ಅವರ್ಸ್’, ‘ಯುವರ್ಸ್’, ‘ದೇರ್ಸ್’ ಯಾವುದಕ್ಕೂ ಹಾಕುವುದಿಲ್ಲ. ಸಂಶಯ ಬಂದಾಗ ಆ ಜಾಗದಲ್ಲಿ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಬಿಡಿಸಿ ಓದಿ. ವಾಕ್ಯ ಕೂಡಿದರೆ ಗೆರೆ, ಕೂಡದಿದ್ದರೆ ಇಲ್ಲ. ‘ಯುವರ್’ ಮತ್ತು ‘ಯು ಆರ್’, ‘ದೇರ್’ ಮತ್ತು ‘ದೇ ಆರ್’, ‘ಹೂಸ್’ ಮತ್ತು ‘ಹೂ ಈಸ್’ ಜೋಡಿಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ.

ಎಚ್ಚರಿಕೆ: ಪತ್ರದ ಕೊನೆಯಲ್ಲಿ ‘ಯುವರ್ಸ್ ಫೇತ್‌ಫುಲಿ’ ಎಂದು ಬರೆಯುವಾಗ ಅಪಾಸ್ಟ್ರಫಿ ಹಾಕುವುದು ಶಾಲೆಯ ದಿನಗಳಿಂದ ಅಂಟಿಕೊಂಡು ಬರುವ ಚಾಳಿ; ಅಲ್ಲಿ ಗೆರೆ ಖಂಡಿತ ಬೇಡ. ‘ಎವ್ರಿಬಡಿ'ಸ್’, ‘ಸಮ್‌ಒನ್'ಸ್’, ‘ಒನ್'ಸ್’ ಎಂಬ ರೂಪಗಳಿಗೆ ಮಾತ್ರ ಬೇಕು.

6. ‘ಎ’, ‘ಆ್ಯನ್’, ‘ದಿ’, ‘ದಿಸ್’, ‘ದೀಸ್’

‘ಎ’ ಮತ್ತು ‘ಆ್ಯನ್’ ನಡುವೆ ಆರಿಸುವಾಗ ಮುಂದಿನ ಪದದ ಮೊದಲ ಇಂಗ್ಲಿಷ್ ಅಕ್ಷರವನ್ನು ನೋಡಬೇಡಿ, ಅದರ ಉಚ್ಚಾರವನ್ನು ಕೇಳಿ. ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲವಿದೆ: ಆ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಮೊದಲಿಗೆ ಸ್ವರ ಬಂದರೆ ‘ಆ್ಯನ್’, ವ್ಯಂಜನ ಬಂದರೆ ‘ಎ’. ಗಂಟೆ ಎಂಬರ್ಥದ ‘ಅವರ್’ ಶುರುವಾಗುವುದು ‘ಅ’ದಿಂದ, ಆದ್ದರಿಂದ ‘ಆ್ಯನ್ ಅವರ್’. ‘ಯೂನಿವರ್ಸಿಟಿ’, ‘ಯೂನಿಫಾರ್ಮ್’ ಶುರುವಾಗುವುದು ‘ಯ’ದಿಂದ, ಆದ್ದರಿಂದ ‘ಎ’. ‘ವನ್ ರುಪೀ ಕಾಯಿನ್’ ಎಂಬುದಕ್ಕೂ ‘ಎ’. ‘ಆ್ಯನ್ ಎಂಎಲ್ಎ’, ‘ಆ್ಯನ್ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್’, ‘ಆ್ಯನ್ ಎಲ್ಐಸಿ ಏಜೆಂಟ್’, ‘ಆ್ಯನ್ ಆರ್‌ಟಿಐ ಅಪ್ಲಿಕೇಶನ್’. ಆದರೆ ‘ಎ ಪಿಯುಸಿ ಸ್ಟೂಡೆಂಟ್’, ‘ಎ ಕೆಎಸ್‌ಆರ್‌ಟಿಸಿ ಬಸ್’.

ಈ ಉಪಾಯ ಕೈಕೊಡುವುದು ನಮ್ಮ ಉಚ್ಚಾರ ಇಂಗ್ಲಿಷಿನದಕ್ಕಿಂತ ಬೇರೆಯಾದಾಗ. ‘ಎಗ್’ ಎಂಬುದನ್ನು ‘ಯೆಗ್’ ಎಂದೂ ‘ಓಲ್ಡ್’ ಎಂಬುದನ್ನು ‘ವೋಲ್ಡ್’ ಎಂದೂ ಅನ್ನುವ ರೂಢಿ ನಿಮಗಿದ್ದರೆ ಲೆಕ್ಕ ತಪ್ಪುತ್ತದೆ; ಅವು ‘ಆ್ಯನ್ ಎಗ್’, ‘ಆ್ಯನ್ ಓಲ್ಡ್ ಮ್ಯಾನ್’. ಇದಕ್ಕೆ ತದ್ವಿರುದ್ಧವಾಗಿ ‘ವುಮನ್’ ನಮ್ಮ ಬಾಯಲ್ಲಿ ‘ಉಮನ್’ ಆಗುತ್ತದೆ, ವರ್ಷ ಎಂಬರ್ಥದ ‘ಯಿಯರ್’ ಬರೀ ‘ಇಯರ್’ ಆಗುತ್ತದೆ. ಸರಿಯಾದ ರೂಪ ‘ಎ ವುಮನ್’, ‘ಎ ಯಿಯರ್’. ‘ಆ್ಯನ್ ಇಯರ್’ ಎಂದರೆ ಒಂದು ಕಿವಿ.

‘ದಿ’ ಎಂಬುದಕ್ಕೆ ಕನ್ನಡದಲ್ಲಿ ಪದವಿಲ್ಲದಿದ್ದರೂ ಆ ಭಾವವಿದೆ. ‘ಪುಸ್ತಕ ತಂದೆ’ ಎಂದರೆ ಯಾವುದೋ ಒಂದು ಪುಸ್ತಕ; ‘ಪುಸ್ತಕವನ್ನು ತಂದೆ’ ಎಂದರೆ ಮಾತನಾಡುವವರಿಗೂ ಕೇಳುವವರಿಗೂ ಗೊತ್ತಿರುವ ಪುಸ್ತಕ ಎಂಬ ಸೂಚನೆ ಹೆಚ್ಚಾಗಿ ಇರುತ್ತದೆ. ಮೊದಲನೆಯದಕ್ಕೆ ‘ಎ ಬುಕ್’, ಎರಡನೆಯದಕ್ಕೆ ‘ದಿ ಬುಕ್’. ಕಥೆಯಲ್ಲಿ ‘ಒಂದು ನಾಯಿ ಬಂತು, ಆ ನಾಯಿ ಕುಂಟುತ್ತಿತ್ತು’ ಎಂದು ಬರುವ ‘ಆ’ ಕೂಡ ಸಾಮಾನ್ಯವಾಗಿ ‘ದಿ’ ಆಗುತ್ತದೆ; ‘ದಟ್’ ಎಂದರೆ ಬೆರಳು ತೋರಿಸಿದಂತಾಗುತ್ತದೆ. ನದಿ, ಸಮುದ್ರ, ಬೆಟ್ಟಸಾಲುಗಳ ಹೆಸರಿಗೆ ‘ದಿ’ ಬೇಕು (‘ದಿ ಕಾವೇರಿ’, ‘ದಿ ಅರೇಬಿಯನ್ ಸೀ’, ‘ದಿ ವೆಸ್ಟರ್ನ್ ಘಾಟ್ಸ್’), ಊರು ಮತ್ತು ರಾಜ್ಯದ ಹೆಸರಿಗೆ ಬೇಡ.

ಕನ್ನಡದ ‘ಈ’ ಮತ್ತು ‘ಆ’ ಬಹುವಚನದಲ್ಲಿ ಬದಲಾಗುವುದಿಲ್ಲ: ‘ಈ ಪುಸ್ತಕ’, ‘ಈ ಪುಸ್ತಕಗಳು’. ಇಂಗ್ಲಿಷಿನಲ್ಲಿ ಬದಲಾಗುತ್ತವೆ. ‘ದಿಸ್ ಬುಕ್’ ಎಂಬುದು ‘ದೀಸ್ ಬುಕ್ಸ್’ ಆಗುತ್ತದೆ, ‘ದಟ್ ಬಾಯ್’ ಎಂಬುದು ‘ದೋಸ್ ಬಾಯ್ಸ್’ ಆಗುತ್ತದೆ.

7. ಪ್ರಮಾಣ ಹೇಳುವ ಪದಗಳು

‘ಈಚ್’ ಮತ್ತು ‘ಎವ್ರಿ’ ನಂತರ ಏಕವಚನ: ‘ಎವ್ರಿ ಸ್ಟೂಡೆಂಟ್’. ‘ಮೆನಿ’ ಎಣಿಸುವ ವಸ್ತುಗಳಿಗೆ, ‘ಮಚ್’ ಎಣಿಸಲಾಗದವಕ್ಕೆ. ‘ಎ ಫ್ಯೂ ಫ್ರೆಂಡ್ಸ್’ ಎಂದರೆ ಕೆಲವು ಗೆಳೆಯರಿದ್ದಾರೆ ಎಂಬ ಸಮಾಧಾನ. ‘ಎ’ ಬಿಟ್ಟು ‘ಫ್ಯೂ ಫ್ರೆಂಡ್ಸ್’ ಎಂದರೆ ಗೆಳೆಯರೇ ಕಡಿಮೆ ಎಂಬ ಕೊರಗು. ‘ಎ ಲಿಟ್ಲ್’ ಮತ್ತು ‘ಲಿಟ್ಲ್’ ನಡುವೆಯೂ ಇದೇ ಅಂತರ. ‘ಒನ್ ಆಫ್ ಮೈ’ ನಂತರ ಬಹುವಚನ ಬರಬೇಕು. ‘ನನ್ನ ಗೆಳೆಯರಲ್ಲಿ ಒಬ್ಬ’ ಎಂದು ಕನ್ನಡದಲ್ಲಿ ಹೇಳಿಕೊಂಡರೆ ‘ಒನ್ ಆಫ್ ಮೈ ಫ್ರೆಂಡ್’ ಎಂಬ ತಪ್ಪು ಆಗುವುದಿಲ್ಲ.

8. ಬರೆದಾದ ಮೇಲೆ ತಿದ್ದುವ ಕ್ರಮ

ಎಲ್ಲವನ್ನೂ ಒಮ್ಮೆಲೇ ತಿದ್ದಲು ಹೋಗಬೇಡಿ. ಮೊದಲ ಓದಿನಲ್ಲಿ ನಾಮಪದಗಳಿಗೆ ಅಡಿಗೆರೆ ಎಳೆದು, ಪ್ರತಿಯೊಂದರ ಮೊದಲಿನ ಸ್ಥಾನ ಖಾಲಿಯಿದೆಯೇ, ಎರಡು ಪದಗಳಿಂದ ತುಂಬಿದೆಯೇ ಎಂದು ನೋಡಿ. ಎರಡನೆಯ ಓದಿನಲ್ಲಿ ‘ಅವರ್’, ‘ದೇರ್’, ‘ಹಿಸ್’, ‘ಹರ್’ ಬಂದೆಡೆಯೆಲ್ಲ ನಿಂತು, ಇದು ಯಾರದು ಎಂದು ಕೇಳಿಕೊಳ್ಳಿ. ಮೂರನೆಯ ಓದು ಅಪಾಸ್ಟ್ರಫಿಗೆ ಮಾತ್ರ ಮೀಸಲಾಗಿರಲಿ. ಕಂಪ್ಯೂಟರಿನ ಕಾಗುಣಿತ ಪರೀಕ್ಷೆಯನ್ನೇ ನೆಚ್ಚಿಕೊಂಡು ಈ ಕೊನೆಯ ಓದನ್ನು ಬಿಡಬೇಡಿ: ಗೆರೆಯಿರುವ ‘ಇಟ್'ಸ್’ ಮತ್ತು ಗೆರೆಯಿಲ್ಲದ ‘ಇಟ್ಸ್’ ಎರಡೂ ಇಂಗ್ಲಿಷಿನಲ್ಲಿ ಇರುವ ಪದಗಳೇ ಆದ್ದರಿಂದ, ಬರೀ ಕಾಗುಣಿತ ನೋಡುವ ತಂತ್ರಾಂಶ ಒಂದರ ಜಾಗದಲ್ಲಿ ಇನ್ನೊಂದು ಬಂದರೂ ಕೆಂಪು ಗೆರೆ ಎಳೆಯುವುದಿಲ್ಲ.